ಮೂರು ಮನೆಯ ಮೂರು ಪ್ಲಗ್ಗು

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಏನನ್ನೂ ಉಳಿಸುವುದಿಲ್ಲ. ಹೊಲ, ಎತ್ತು, ಹಿತ್ತಲ ತಿಪ್ಪೆ ಎಲ್ಲವೂ ಪಾಲಾಗುತ್ತವೆ. ಒಂದು ಮನೆಯಲ್ಲಿ ತಲಬಾಗಿಲಿನ ಜೋಡಿ ಕದಗಳಲ್ಲಿ ಒಂದು ಅಣ್ಣನಿಗೆ, ಇನ್ನೊಂದು ತಮ್ಮನಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಬ್ಬರೂ ಅರ್ಧ ಬಾಗಿಲಿಗೆ ತಗಡು ಜೋಡಿಸಿಕೊಂಡು ಇಪ್ಪತ್ತು ವರ್ಷ ಸಂಸಾರ ಮಾಡಿದರು. ಇದಕ್ಕೆ ವಾಟಣಿ ಅನ್ನುತ್ತಾರೆ. ಊರಿನ ನಾಲ್ಕು ಹಿರಿಯರು ಕುಳಿತು ಕಾಗದ ಬರೆಸುತ್ತಾರೆ, ಚಹಾ ಕುಡಿಯುತ್ತಾರೆ, ಎದ್ದು ಹೋಗುತ್ತಾರೆ. ಆಮೇಲಿನ ತಲೆನೋವು ನನ್ನಂಥವರಿಗೆ ಬರುತ್ತದೆ.

ನಾನು ಗುರುನಾಥ, ಕಾರಿನ ಮಿಸ್ತ್ರಿ. ಬೈಲಹೊಂಗಲದಿಂದ ಮುನವಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ನನ್ನ ಗ್ಯಾರೇಜು. ಎದುರಿಗೆ ಬಾಳುವಿನ ಚಹಾದಂಗಡಿ. ನನಗೆ ಮಂದಿಗಿಂತ ಇಂಜಿನ್ನಿನ ಸಹವಾಸ ಸಲೀಸು. ಇಂಜಿನ್ ಸುಳ್ಳು ಹೇಳುವುದಿಲ್ಲ ಎಂಬ ದೊಡ್ಡ ಮಾತೇನೂ ಇದಲ್ಲ. ಅದಕ್ಕೆ ಮಾತೇ ಬರುವುದಿಲ್ಲ, ಅಷ್ಟೇ.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಮಹಾನಂದಾ ತನ್ನ ಬಿಳಿ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ನಿಲ್ಲಿಸಿದಳು ಅನ್ನುವುದಕ್ಕಿಂತ ಅದೇ ಕೆಮ್ಮಿಕೊಂಡು ನಿಂತಿತು ಅನ್ನಬೇಕು. ಇಪ್ಪತ್ತೈದು ವರ್ಷದ ಸಣ್ಣ ಕಾರು. ತನ್ನ ಕಾರು ಎಂದು ನಾನು ಬರೆದದ್ದೂ ತಪ್ಪೇ. ಅದು ಮೂರು ಮನೆಯ ಕಾರು. ಮಾವ ಕೊಂಡದ್ದು. ಮಾವ ತೀರಿಕೊಂಡ ಮೇಲೆ ಹಿರಿಯ ಮಗ ಶಟ್ಟೆಪ್ಪ, ನಡುವಿನವ ಭೀಮಶಿ, ಕಿರಿಯ ಕಲ್ಮೇಶ ಬೇರೆಯಾದರು. ವಾಟಣಿಯಾದ ಮರುವರ್ಷವೇ ಭೀಮಶಿ ಕಾಮಾಲೆಯಿಂದ ಹೋದ. ಮಹಾನಂದಾ ಅವನ ಹೆಂಡತಿ. ಕಾರನ್ನು ಮೂರು ತುಂಡು ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಪಂಚರು ಕಾಗದದಲ್ಲಿ ಹೀಗೆ ಬರೆಸಿದ್ದರು: ಕಾರು ಮೂರೂ ಮನೆಗೆ ಸೇರಿದ್ದು, ಅದಕ್ಕೆ ಹಾಕುವ ಸಾಮಾನು ಮೂರು ಪಾಲು.

ಬರೆಸಿದ್ದು ಅಷ್ಟೇ. ಶಟ್ಟೆಪ್ಪನಿಗೆ ಟ್ರ್ಯಾಕ್ಟರ್ ಬಂದಿತ್ತು. ಕಲ್ಮೇಶನಿಗೆ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ಓಡಾಡಲು ಮೋಟರ್‌ಸೈಕಲ್ಲು. ಆ ಕಾರಿನ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ಮಹಾನಂದಾ ಮಾತ್ರ ಗಂಡ ಹೋದ ಆರು ತಿಂಗಳಿಗೆ ಡ್ರೈವಿಂಗ್ ಕಲಿತಳು. ಓಣಿಯ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯುವುದು, ಕಾರಿನ ಹಿಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಮುನವಳ್ಳಿ, ನವಿಲುತೀರ್ಥ, ಸವದತ್ತಿಯ ಖಾನಾವಳಿಗಳಿಗೆ ಹನ್ನೊಂದರ ಒಳಗೆ ಮುಟ್ಟಿಸುವುದು. ಮಗಳು ನೀಲಾ ರಾಮದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳ ಹಾಸ್ಟೆಲ್ಲು, ಪುಸ್ತಕ ಎಲ್ಲವೂ ಆ ಬುಟ್ಟಿಯಿಂದಲೇ ನಡೆಯಬೇಕು. ಕಾರು ಹೋದರೆ ರೊಟ್ಟಿಯೂ ಹೋಯಿತು.

"ಅಣ್ಣಾರ, ಸೋಮಾರ ಗುಜರಿಯವ ಬರತಾನಂತ್ರಿ" ಅಂದಳು. "ಭಾವಾರು ಹೇಳಿ ಕಳಿಸ್ಯಾರ. ಇಂಜಿನ್ ಹೋಗೈತಿ, ಇನ್ನ ಇದನ್ನ ಇಟ್ಕೊಂಡು ಏನ್ ಮಾಡೂದು ಅಂತಾರು. ಖರೇನ ಹೋಗೈತೇನ್ರಿ?"

ಬಾನೆಟ್ ಎತ್ತಿ ಕಿವಿಗೊಟ್ಟೆ. ಇಂಜಿನ್ನಿನ ಹೊಟ್ಟೆಯಲ್ಲಿ ಬಡಿತವಿಲ್ಲ, ಹಿಂದೆ ನೀಲಿ ಹೊಗೆಯಿಲ್ಲ. ಮೂರು ಸಿಲಿಂಡರಿನ ಇಂಜಿನ್ನು ಅದು. ಮೂರರಲ್ಲಿ ಒಂದು ಹೊಡೆತ ಮಾತ್ರ ಸರಿಯಾಗಿ ಬೀಳುತ್ತಿತ್ತು, ಇನ್ನೊಂದು ಬಿದ್ದರೆ ಬಿತ್ತು, ಮೂರನೆಯದು ಇಲ್ಲವೇ ಇಲ್ಲ. ನಮ್ಮಲ್ಲಿ ಇದಕ್ಕೆ ಮಿಸ್ ಹೊಡೆಯುವುದು ಅನ್ನುತ್ತಾರೆ.

"ಇಂಜಿನ್ ಎಲ್ಲಿ ಹೋಗೈತ್ರಿ? ಇಲ್ಲೇ ಐತಿ. ಪ್ಲಗ್ ಹೋಗ್ಯಾವ. ಯಾವಾಗ ಬದಲ ಮಾಡೀರಿ?"

"ಅವರ ಇದ್ದಾಗ ತಗದು ಉಜ್ಜಿ ಹಾಕ್ತಿದ್ರು. ಆಮ್ಯಾಲೆ ಯಾರ ಮುಟ್ಯಾರ್ರಿ?"

ಇಂಜಿನ್ ಆರಲು ಬಿಟ್ಟೆ. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಪ್ಲಗ್ ಕೂರುವ ತೂತಿನ ಮೆತ್ತನೆಯ ಅಲ್ಯುಮಿನಿಯಮ್ ತಿರುಪಿನ ಹಲ್ಲು ಕಿತ್ತು ಬರುತ್ತದೆ. ಆಮೇಲೆ ಗಾಳಿ ಹೊಡೆದು ಪ್ಲಗ್ಗಿನ ಸುತ್ತ ಕುಳಿತ ಧೂಳು ಹಾರಿಸಿದೆ, ರಬ್ಬರಿನ ಟೊಪ್ಪಿಗೆ ಹಿಡಿದು ವೈರು ಎಳೆದೆ, ಒಂದೊಂದಾಗಿ ಮೂರನ್ನೂ ಬಿಚ್ಚಿ ಚೀಲದ ಮೇಲೆ ಸಾಲಾಗಿ ಇಟ್ಟೆ. ಒಳ್ಳೆಯ ಪ್ಲಗ್ಗಿನ ತುದಿ ಬಿಸ್ಕೀಟಿನ ಬಣ್ಣಕ್ಕಿರುತ್ತದೆ. ಇವು ಮೂರೂ ಒಲೆಯ ಮಸಿ. ಕಿಡಿ ಹಾರುವ ಸಂದು ಬೆರಳಿನ ಉಗುರು ತೂರುವಷ್ಟು ಅಗಲವಾಗಿತ್ತು.

"ಮೂರು ಹೊಸಾವು ಹಾಕಿದ್ರ ಕುದರಿ ಆಗತೈತಿ" ಅಂದೆ.

ಆಗ ಆಕೆ ಅಂದಳು: "ಮೂರೂ ನಾನ ತರಂಗಿಲ್ರಿ. ಒಂದ ನಂದು. ಇನ್ನೆರಡು ಅವರವು. ಕಾಗದದಾಗ ಹಂಗ ಬರದಾರ."

ನನಗೆ ಸಿಟ್ಟು ಬಂತು. ಮೂರು ಪ್ಲಗ್ಗಿಗೆ ಎಷ್ಟು ದೊಡ್ಡ ಖರ್ಚು? ಅದನ್ನೇ ಅಂದೆ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಖರ್ಚಿನ ಮಾತಲ್ರಿ. ನಾನ ಎಲ್ಲಾ ಹಾಕಿದ್ರ, ಗಾಡಿ ನುಂಗಾಕ ನಿಂತಾಳ ಅಂತಾರು" ಅಂದಳು. ಅದೂ ನಿಜವೇ. ಆ ಮನೆಗಳನ್ನು ನಾನು ಬಲ್ಲೆ.

ನಾನೇ ಶಟ್ಟೆಪ್ಪನ ಹತ್ತಿರ ಹೋದೆ. ಆತ ಅರವತ್ತರ ಆಸುಪಾಸಿನ, ಬಿಗಿಯಾದ ಮನುಷ್ಯ. ಕೆಟ್ಟವನಲ್ಲ. ಕೊಟ್ಟ ಮಾತಿಗೆ ತಪ್ಪುವವನೂ ಅಲ್ಲ. ತನ್ನದು ಎಂಬುದರ ಒಂದು ಎಳೆಯನ್ನೂ ಬಿಡುವವನಲ್ಲ, ಅಷ್ಟೇ. ಕಟ್ಟೆಯ ಮೇಲೆ ಕುಳಿತು ನನ್ನ ಮಾತು ಪೂರ್ತಿ ಕೇಳಿದ.

"ಆಗಲಿ. ಮನೀಗೊಂದು ಪ್ಲಗ್ ಹಾಕೂಣು. ಆಯ್ತವಾರ ನವಿಲುತೀರ್ಥದ ಏರು ಹತ್ತಿಸಿ ನೋಡೂಣು. ಒಂದನೇ ಗೇರಿಗೆ ಇಳೀದ, ನಡುವ ನಿಲ್ಲದ ಹತ್ತಿದ್ರ ಗಾಡಿ ಇರ್ಲಿ. ಇಲ್ಲಾಂದ್ರ ಸೋಮಾರ ಗುಜರಿಗೆ."

ಮಹಾನಂದಾಗೂ ಕಲ್ಮೇಶನಿಗೂ ಇದೇ ಮಾತು ಮುಟ್ಟಿತು. ಮೂವರೂ ಒಪ್ಪಿದರು.

ಗುರುವಾರ ಮೂರು ಪ್ಲಗ್ಗು ಬಂದವು. ಮೂರು ಮನೆಯಿಂದ ಮೂರು ಜಾತಿಯವು.

ಶಟ್ಟೆಪ್ಪ ಕಳಿಸಿದ್ದು ಹಳೆಯದು. ಎಲ್ಲಿ ಸಿಕ್ಕಿತೋ, ಉಸುಕಿನ ಕಾಗದದಿಂದ ಚೆನ್ನಾಗಿ ಉಜ್ಜಿದ್ದ. ಮದುವಣಗಿತ್ತಿಯ ಕಾಲುಂಗುರದ ಹಾಗೆ ಹೊಳೆಯುತ್ತಿತ್ತು. ನಮ್ಮ ರೈತರಿಗೆ ಪ್ಲಗ್ಗೆಂದರೆ ಕುಡುಗೋಲಿನಂತೆ ಉಜ್ಜಿ ಮಸೆದು ಉಪಯೋಗಿಸುವ ವಸ್ತು. ಅದರೊಳಗಿನ ಬಿಳಿ ಪಿಂಗಾಣಿಗೆ ಕೂದಲೆಳೆಯ ಬಿರುಕಿತ್ತು. ಉಜ್ಜಿದರೆ ಬಿರುಕು ಹೋಗುವುದಿಲ್ಲ. ಕಿಡಿ ಅಲ್ಲಿಂದಲೇ ಸೋರಿಹೋಗುತ್ತದೆ.

ಕಲ್ಮೇಶ ಕಳಿಸಿದ್ದು ಬೆಳಗಾವಿಯಿಂದ ತರಿಸಿದ್ದು. ಸೂಜಿಯಂಥ ತುದಿ, ಗಾಜಿನಂಥ ಡಬ್ಬಿ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯದನ್ನು ಕೇಳಿ ತಂದಿದ್ದ. ಆದರೆ ಅದರ ತಿರುಪಿನ ಹಲ್ಲಿನ ಉದ್ದ ಹಳೆಯದಕ್ಕಿಂತ ಅರ್ಧ ಬೆರಳು ಹೆಚ್ಚಿತ್ತು. ಹಾಕಿದ್ದರೆ ಕೆಳಗಿನಿಂದ ಬರುವ ಪಿಸ್ಟನ್ ಅದಕ್ಕೆ ಡಿಕ್ಕಿ ಹೊಡೆದು ಖರೇನೇ ಇಂಜಿನ್ ಹೋಗುತ್ತಿತ್ತು.

ಮಹಾನಂದಾ ಮಾತ್ರ ಕಾರಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ, ಅದರಲ್ಲಿ ಬರೆದಿದ್ದ ನಂಬರು ನೋಡಿ ತಂದಿದ್ದಳು.

ಕಲ್ಮೇಶ ಗ್ಯಾರೇಜಿಗೇ ಬಂದು ಜಗಳ ತೆಗೆದ. "ಎಲ್ಲಾರಿಗಿಂತ ಭಾರಿ ಮಾಲು ತಂದೇನಿ, ನಂದ ಬ್ಯಾಡ ಅಂತಿ?"

"ಭಾರಿ ಮಾಲು ಖರೆ. ಈ ಗಾಡೀದಲ್ಲ" ಅಂದೆ. "ನಿನ್ನ ಕಾಲಿಗೆ ಎಂಟನೇ ನಂಬರಿನ ಚಪ್ಪಲಿ ಹಿಡಿದ್ರ, ತುಟ್ಟಿ ಅಂತ ಹನ್ನೆರಡರದ ಹಾಕ್ಕೊಂತಿಯೇನು?"

ಶಟ್ಟೆಪ್ಪನಿಗೆ ಬಿರುಕು ತೋರಿಸಿದೆ. ಕನ್ನಡಕ ಹಾಕಿ ನೋಡಿ, ಬೆರಳಿನಿಂದ ಸವರಿ, "ಇದು ಗೀರು, ಬಿರುಕಲ್ಲ" ಅಂದ. ಮೂರು ಚೀಟಿ ಹರಿದು, ಮೂರರಲ್ಲೂ ಪುಸ್ತಕದ ಅದೇ ನಂಬರು ಬರೆದು, ಮೂರು ಮನೆಗೆ ಕೊಟ್ಟೆ. ಮಹಾನಂದಾ ಆಗಲೇ ತಂದಿದ್ದಳು. ಆದರೂ ಚೀಟಿ ಕೊಟ್ಟೆ. ಒಬ್ಬರಿಗೆ ಕೊಡದಿದ್ದರೆ ಅದೇ ಒಂದು ಮಾತಾಗುತ್ತದೆ.

ಶನಿವಾರ ಸಂಜೆಯ ಹೊತ್ತಿಗೆ ಒಂದೇ ನಂಬರಿನ ಮೂರು ಪ್ಲಗ್ಗು ನನ್ನ ಮುಂದೆ ಇದ್ದವು. ಹೊಸದೆಂದು ಡಬ್ಬಿಯಿಂದ ತೆಗೆದು ಹಾಗೇ ಹಾಕುವವರು ಬಹಳ ಮಂದಿ. ನಾನು ಮೂರರ ಸಂದನ್ನೂ ತೆಳ್ಳನೆ ಉಕ್ಕಿನ ಪಟ್ಟಿಯಿಂದ ಅಳೆದೆ. ಒಂದು ತುಸು ಕಿರಿದಾಗಿತ್ತು, ಸರಿಮಾಡಿದೆ. ಹಾಕುವಾಗ ಇನ್ನೊಂದು ತಕರಾರು. ಯಾರ ಪ್ಲಗ್ ಯಾವ ತೂತಿಗೆ? ಶಟ್ಟೆಪ್ಪ, ಹಿರಿಯನದು ಮೊದಲನೆಯದಕ್ಕೆ ಅಂದ. ಇಂಜಿನ್ನಿಗೆ ಹಿರಿಯ ಕಿರಿಯ ಇಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ. ಎಡಗಡೆಯದು ಶಟ್ಟೆಪ್ಪನದು, ನಡುವಿನದು ಮಹಾನಂದಾಳದು, ಬಲಗಡೆಯದು ಕಲ್ಮೇಶನದು ಎಂದಾಯಿತು. ಮೊದಲು ಕೈಯಿಂದಲೇ ತಿರುವಿ ಕೂರಿಸಿದೆ. ಪಾನಾ ಹಚ್ಚಿದ ಮೇಲೆ ಅರ್ಧ ಸುತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ಬಿಗಿದರೆ ಮುಂದಿನ ಸಲ ಬಿಚ್ಚುವವನು ನನ್ನ ಹೆಸರು ಹಿಡಿದು ಬೈಯುತ್ತಾನೆ.

ಕೀ ತಿರುವಿದಾಗ ಆ ಹಳೆಯ ಗಾಡಿ ಒಂದೇ ಸುತ್ತಿಗೆ ಎದ್ದಿತು. ಬಾಳು ರಸ್ತೆಯ ಆಚೆಯಿಂದ ತಲೆ ಎತ್ತಿ ನೋಡಿದ. ಮಹಾನಂದಾ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು.

ಭಾನುವಾರ ನಾಲ್ವರು ಹೊರಟೆವು. ಮಹಾನಂದಾ ಸ್ಟೇರಿಂಗಿಗೆ, ಪಕ್ಕದಲ್ಲಿ ಶಟ್ಟೆಪ್ಪ, ಹಿಂದೆ ಕಲ್ಮೇಶ ಮತ್ತು ಸಾಕ್ಷಿಗೆಂದು ನಾನು. ಮುನವಳ್ಳಿ ದಾಟಿದೆವು. ಎಲ್ಲರ ಕಿವಿಯೂ ಇಂಜಿನ್ನಿನ ಮೇಲಿತ್ತು. ನವಿಲುತೀರ್ಥದ ಡ್ಯಾಮಿನ ಏರು ಶುರುವಾದಾಗ ಆಕೆ ಎರಡನೇ ಗೇರಿಗೆ ಹಾಕಿದಳು. ಗಾಡಿ ನಡುಗಲಿಲ್ಲ. ಮುಂದೆ ಕಬ್ಬಿನ ಟ್ರ್ಯಾಕ್ಟರೊಂದು ತೆವಳುತ್ತಿತ್ತು. ಅದರ ಹಿಂದೆ ನಿಧಾನವಾಗಿ ಹೋದರೆ ಗಾಡಿ ನಿಲ್ಲುತ್ತದೆಂದು ನನಗೆ ಹೆದರಿಕೆಯಾಯಿತು. ಆಕೆ ಹಾರ್ನ್ ಹೊಡೆದು, ಬಲಕ್ಕೆ ತಿರುಗಿಸಿ, ಅದನ್ನೇ ದಾಟಿ ಮೇಲೆ ಹತ್ತಿದಳು. ಮೇಲೆ ಬಂದು ನಿಲ್ಲಿಸಿದಾಗ ಕೆಳಗೆ ಮಲಪ್ರಭೆಯ ನೀರು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಗೆದ್ದಳು ಅಂದುಕೊಂಡೆ. ನನಗೆ ಖುಷಿಯಾಗಿತ್ತು, ಮುಚ್ಚಿಡುವುದೇಕೆ?

ನಾನು ದಡ್ಡ. ಇಂಜಿನ್ನು ಎಷ್ಟು ಗೊತ್ತಿದ್ದರೇನು?

ಅಲ್ಲೇ ಒಂದು ಅಂಗಡಿಯಲ್ಲಿ ಚಹಾ ಕುಡಿಯುತ್ತ ಕಲ್ಮೇಶ ಅಂದ: "ಹಿಂಗ ಓಡೂ ಗಾಡಿ ಗುಜರಿಗ್ಯಾಕ ಹಾಕೂದು? ನನಗೂ ಹಳ್ಳಿ ಮ್ಯಾಲ ಗೊಬ್ಬರದ ಗಿರಾಕಿ ನೋಡಾಕ ಬೇಕಾಗತೈತಿ."

ಶಟ್ಟೆಪ್ಪ ಬಸಿಗೆ ಸುರಿದ ಚಹಾ ಊದಿದ. "ನಮ್ಮ ಮನ್ಯಾಗೂ ಬೇಕು. ಹಾಲಿನ ಕ್ಯಾನು ಅದಾವ. ಬಾವಿ ನೀರಿಗೆ ಪಾಳಿ ಹಚ್ಚೇವಲ್ಲ, ಹಂಗ ಬರೂ ತಿಂಗಳಿಂದ ಇದಕ್ಕೂ ಪಾಳಿ ಹಚ್ಚೂಣು. ತಿಂಗಳಾ ಒಂದರಿಂದ ಹತ್ತು ನಂದು, ಹನ್ನೊಂದರಿಂದ ಇಪ್ಪತ್ತು ಮಹಾನಂದಾಂದು, ಆಮ್ಯಾಲಿಂದು ಕಲ್ಮೇಶಂದು."

ಬಾವಿಯ ನೀರು ಪಾಳಿಯಲ್ಲಿ ಹರಿದರೆ ಬೆಳೆ ಒಣಗುವುದಿಲ್ಲ. ರೊಟ್ಟಿಯ ಗಿರಾಕಿ ಹಾಗಲ್ಲ. ತಿಂಗಳಿಗೆ ಹತ್ತು ದಿನ ರೊಟ್ಟಿ ಕೊಟ್ಟು ಇಪ್ಪತ್ತು ದಿನ ಬಿಟ್ಟರೆ ಯಾವ ಖಾನಾವಳಿಯವನೂ ಕಾಯುವುದಿಲ್ಲ. ಇದನ್ನು ನಾನೇ ಹೇಳಿದೆ. ಶಟ್ಟೆಪ್ಪ, "ಪಾಲು ಅಂದ ಮ್ಯಾಲೆ ಪಾಲು, ಮಿಸ್ತ್ರಿ. ಕೆಟ್ಟಾಗ ಮೂವರದು, ಚಲೋ ಆದಾಗ ಒಬ್ಬಾಕಿದಾ?" ಅಂದ. ಅನ್ಯಾಯದ ಮಾತಾದರೂ ಲೆಕ್ಕ ತಪ್ಪಿರಲಿಲ್ಲ. ಇಷ್ಟು ವರ್ಷ ಗಾಡಿ ಕೆಟ್ಟಾಗೆಲ್ಲ ಈ ಇಬ್ಬರು ಎಲ್ಲಿದ್ದರು ಎಂದು ಕೇಳಬಹುದಿತ್ತು. ಕೇಳಬೇಕಾದವಳು ಕೇಳಲಿಲ್ಲ. ಲೋಟ ಕೆಳಗಿಟ್ಟು, "ಆಗಲ್ರಿ ಭಾವಾರ" ಅಂದು ಕಾರು ಹತ್ತಿದಳು.

ವಾಪಸು ಬರುವಾಗ ನನ್ನ ಮೇಲೆಯೇ ನನಗೆ ಹೇಸಿಕೆಯಾಯಿತು. ಗಾಡಿ ಸರಿಮಾಡಿ ಆಕೆಯ ಕೈಯಿಂದ ಅದನ್ನು ಕಿತ್ತುಕೊಟ್ಟವನು ನಾನೇ.

ತಿಂಗಳ ಕೊನೆಯ ದಿನ ಮಧ್ಯಾಹ್ನ, ರೊಟ್ಟಿ ಮುಟ್ಟಿಸಿ ಬಂದ ಮಹಾನಂದಾ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಳು.

"ಅಣ್ಣಾರ, ನನ್ನ ಪ್ಲಗ್ ತಗದ ಕೊಡ್ರಿ."

"ಯಾಕ್ರಿ ಅಕ್ಕಾರ?"

"ನಾಳಿಂದ ಭಾವಾರ ಪಾಳಿ. ನನ್ನ ಪಾಲಿಂದು ನನ್ನ ಹಂತ್ಯಾಕ ಇರ್ಲಿ."

ನನಗೆ ನಗು ಬಂತು, ಒಳಗೆ ಮರುಕವೂ ಆಯಿತು. ಹಟಕ್ಕೆ ಬಿದ್ದ ಹೆಂಗಸು, ಇಷ್ಟಾದರೂ ಮಾಡಿಕೊಳ್ಳಲಿ ಅಂದುಕೊಂಡೆ. ನಡುವಿನದನ್ನು ಬಿಚ್ಚಿದೆ. ತೂತು ಮುಚ್ಚಲೆಂದು ಹಳೆಯ ಸತ್ತ ಪ್ಲಗ್ಗೊಂದನ್ನು ತಿರುವಿದೆ. ಆಕೆ ತನ್ನದನ್ನು ಹಾಳೆಯಲ್ಲಿ ಸುತ್ತಿಕೊಂಡು, ಕಾರನ್ನು ಎರಡೇ ಹೊಡೆತದ ಮೇಲೆ ಗಡಗಡ ನಡುಗಿಸುತ್ತ ಒಯ್ದು ಶಟ್ಟೆಪ್ಪನ ಮನೆಯ ಮುಂದೆ ನಿಲ್ಲಿಸಿದಳು.

ಮರುದಿನ ಬೆಳಗ್ಗೆ ಎಂಟಕ್ಕೆ ಶಟ್ಟೆಪ್ಪ ಆ ಗಾಡಿಯನ್ನು ಹೇಗೋ ನನ್ನ ತನಕ ತಂದ. ಬಾಳುವಿನ ಅಂಗಡಿಯಲ್ಲಿ ಏಳೆಂಟು ಮಂದಿ ಇದ್ದರು.

"ಏನ್ ಮಾಡೀಯೋ ಗಾಡೀಗೆ?"

ನಡೆದದ್ದು ಹೇಳಿದೆ. ಒಂದು ಪ್ಲಗ್ ತಂದರೆ ಐದು ನಿಮಿಷದ ಕೆಲಸ, ನಂಬರಿನ ಚೀಟಿ ನಿಮ್ಮ ಮನೆಯಲ್ಲೇ ಇದೆ ಎಂದೂ ಹೇಳಿದೆ.

"ಆಕಿ ಪಾಲಿಂದು ನಾ ಯಾಕ ತರ್ಲಿ?" ಅವನ ದನಿ ರಸ್ತೆಯ ಆಚೆಗೂ ಕೇಳುತ್ತಿತ್ತು. "ನಾ ತಂದ ಹಾಕೂದು, ಹನ್ನೊಂದನೇ ತಾರೀಕಿಗೆ ಆಕಿ ಅದರ ಮ್ಯಾಲ ಓಡಸೂದು? ಆಕಿಂದು ಆಕಿ ತಗೊಂಡ್ಲಲ್ಲಾ? ನಂದೂ ತಗಿ. ತಗೀ ಅಂದೆ!"

"ಶಟ್ಟೆಪ್ಪಾರ, ಹಂಗ ಮಾಡಿದ್ರ ಗಾಡಿ ನಿಮಗೂ ಇಲ್ಲ..."

"ತಗಿಯೋ."

ಎಡಗಡೆಯದನ್ನು ಬಿಚ್ಚಿ ಕೊಟ್ಟೆ. ಅದನ್ನು ಎತ್ತಿ ಹಿಡಿದು ಅಂಗಡಿಯ ಕಡೆ ತಿರುಗಿದ. "ಬಾಳೂ, ನೀವೆಲ್ಲಾ ನೋಡ್ರಿ. ನಂದು ನಾ ತಗೊಂಡೇನಿ. ಇನ್ನ ಈ ಗಾಡ್ಯಾಗ ನಂದು ಏನೂ ಇಲ್ಲ. ಹೆಂಗ ಓಡಸ್ತಾಳ ಓಡಸ್ಲಿ!"

ಪ್ಲಗ್ಗನ್ನು ಅಂಗಿಯ ಕಿಸೆಗೆ ಹಾಕಿಕೊಂಡು ನಡೆದೇ ಹೋದ. ಕಾರು ನನ್ನ ಅಂಗಳದಲ್ಲಿ ಉಳಿಯಿತು.

ಎರಡನೇ ತಾರೀಕು ಕಲ್ಮೇಶ ಬಂದ. ಅವನಿಗೆ ಸಿಟ್ಟೇನೂ ಇರಲಿಲ್ಲ. "ಅಣ್ಣ ತಗೊಂಡಾನಂತ, ವೈನೀನೂ ತಗೊಂಡಾಳಂತ. ನಂದೊಂದ ಇಲ್ಲಿ ಯಾಕ ಬಿಡ್ಲಿ? ನನ್ನ ಪಾಲು ನನಗಿರ್ಲಿ" ಅಂದ. ಬಲಗಡೆಯದನ್ನೂ ಬಿಚ್ಚಿದೆ. ಅವನು ಅದನ್ನು ಮೂಸಿ ನೋಡಿ ಕಿಸೆಗೆ ಇಟ್ಟುಕೊಂಡ. ಯಾಕೆ ಮೂಸಿದನೋ ನನಗೆ ಇವತ್ತಿಗೂ ತಿಳಿಯದು.

ಮೂವರ ಪಾಲೂ ಮೂವರ ಮನೆಯಲ್ಲಿ ಭದ್ರವಾಗಿತ್ತು. ನಡುವಿನ ಸತ್ತ ಪ್ಲಗ್ಗನ್ನೂ ತೆಗೆದ ಮೇಲೆ ಕಾರು ಬೇವಿನ ಗಿಡದ ಕೆಳಗೆ ಮೂರು ತೂತು ಬಿಟ್ಟುಕೊಂಡು ನಿಂತಿತ್ತು. ಒಳಗೆ ಕಸ ಬೀಳದಿರಲೆಂದು ತೂತುಗಳಿಗೆ ಅರಿವೆ ತುರುಕಿದೆ. ಇಂಥ ಮಂದಿಗೆ ಇಂಜಿನ್ ಕೊಟ್ಟವನನ್ನು ಹಿಡಿದು ಹೊಡೆಯಬೇಕು ಅನ್ನಿಸಿತು.

ಆ ಹತ್ತು ದಿನ ಮಹಾನಂದಾ ಬಸ್ಸಿನಲ್ಲಿ ಹೋದಳು. ಬೆಳಗ್ಗೆ ಎಂಟೂವರೆಯ ಬಸ್ಸು ನನ್ನ ಗ್ಯಾರೇಜಿನ ಮುಂದೆಯೇ ಹಾಯುತ್ತದೆ. ತೊಡೆಯ ಮೇಲೆ ಒಂದು ಗಂಟು, ಕಾಲ ಬಳಿ ಎರಡು. ಕಂಡಕ್ಟರ್ ಗಂಟಿಗೂ ಟಿಕೀಟು ಹರಿದ. ಕಡಕ್ ರೊಟ್ಟಿ ಬಸ್ಸಿನ ನೂಕುನುಗ್ಗಲಿಗೆ ಪುಡಿಯಾಗುತ್ತಿತ್ತು. ನವಿಲುತೀರ್ಥದ ಕ್ಯಾಂಟೀನಿನವ ಐದನೇ ದಿನವೇ ಬೇಡವೆಂದ. ಇದನ್ನು ಆಕೆಯೇ ಒಂದು ಮಧ್ಯಾಹ್ನ ಬಸ್ಸಿನಿಂದಿಳಿದು ಹೇಳಿದಳು. ಕಣ್ಣು ಕೆಂಪಾಗಿದ್ದವು. ನಿದ್ದೆಗೆಟ್ಟೋ, ಅತ್ತೋ ಗೊತ್ತಿಲ್ಲ.

"ನೀವ ಒಂದ ಮಾತು ಸೋತು ಬಿಡ್ರಿ ಅಕ್ಕಾರ" ಅಂದೆ. "ನಾ ಹೋಗಿ ಮಾತಾಡ್ಲಿ? ನಿಮ್ಮ ಪ್ಲಗ್ ಕೊಡ್ರಿ, ಅವರೂ ಕೊಡತಾರು. ಹತ್ತು ದಿನಾದರೂ ಸಿಗಲಿ."

ಆಕೆ ನನ್ನನ್ನು ನೋಡಿದಳು. "ಮಾತಾಡಬ್ಯಾಡ್ರಿ ಅಣ್ಣಾರ. ಅವರವು ಅವರ ಹಂತ್ಯಾಕ ಇರ್ಲಿ. ಕಲ್ಮೇಶಂದೂ ಒಯ್ದಾನಲ್ಲ? ಖರೇನ?"

"ಹೌದ್ರಿ, ಒಯ್ದಾನ."

"ಹಂಗಾರ ಇರ್ಲಿ ಬಿಡ್ರಿ."

ಹನ್ನೊಂದನೇ ತಾರೀಕು, ಬೆಳಗ್ಗೆ ಏಳೂವರೆ. ಮಹಾನಂದಾ ಆಟೋದಲ್ಲಿ ಬಂದಳು. ಆಟೋದಲ್ಲಿ ಮೂರು ಬುಟ್ಟಿ ರೊಟ್ಟಿ ಇತ್ತು. ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ಮೂರು ಡಬ್ಬಿ. ಮೂರೂ ಹೊಸವು, ಮೂರೂ ಒಂದೇ ನಂಬರು.

"ಹಾಕ್ರಿ" ಅಂದಳು.

"ನಿಮ್ಮ ಮೊದಲಿಂದು?"

"ಅದು ಮನ್ಯಾಗ ಐತಿ. ಅದು ವಾಟಣೀದು."

ನಾನು ಅರಿವೆ ಕಿತ್ತು, ಗಾಳಿ ಹೊಡೆದು, ಒಂದೊಂದೇ ಅಳೆದು ಕೂರಿಸಿದೆ. ಎಡ, ನಡು, ಬಲ ಎಂಬ ತಕರಾರು ಈ ಸಲ ಇರಲಿಲ್ಲ. ಮೂರನೆಯದನ್ನು ತಿರುವುವಾಗ ನನಗೆ ಸಣ್ಣಗೆ ಅನುಮಾನ ಶುರುವಾಗಿತ್ತು. ಆಕೆ ಬುಟ್ಟಿಗಳನ್ನು ಹಿಂದಿನ ಸೀಟಿಗೆ ಹಾಕಿ ಕೀ ತಿರುವಿದಳು. ಗಾಡಿ ಎದ್ದಿತು.

ಶಟ್ಟೆಪ್ಪ ಬಾಳುವಿನ ಅಂಗಡಿಯಲ್ಲೇ ಕುಳಿತಿದ್ದ. ದಿನಾಲೂ ಆ ಹೊತ್ತಿಗೆ ಕುಳಿತಿರುತ್ತಿದ್ದ. ಇಂಜಿನ್ನಿನ ಸದ್ದು ಕೇಳಿ ಎದ್ದು ರಸ್ತೆ ದಾಟಿ ಬಂದು ಕಾರಿನ ಎದುರಿಗೆ ನಿಂತ. ಅಂಗಡಿಯ ಮಂದಿಯೂ ಹಿಂದೆ ಬಂದರು.

"ಇವತ್ತ ನಿನ್ನ ಪಾಳಿ ಖರೆ" ಅಂದ. "ಇಪ್ಪತ್ತಕ್ಕ ಸಂಜೀಕ ಕಲ್ಮೇಶನ ಮನಿ ಮುಂದ ನಿಂದರಸ್ಬೇಕು. ಒಂದನೇ ತಾರೀಕಿಗೆ ನಮ್ಮ ಮನಿಗೆ ಬರಬೇಕು."

ಮಹಾನಂದಾ ಇಂಜಿನ್ ಬಂದ್ ಮಾಡಲಿಲ್ಲ. ಕೆಳಗಿಳಿದು, ತಲೆಯ ಮೇಲೆ ಸೆರಗು ಎಳೆದುಕೊಂಡಳು. ಭಾವನ ಮುಂದೆ ಹೇಗೆ ನಿಲ್ಲಬೇಕೋ ಹಾಗೆಯೇ ನಿಂತಳು. ಆಮೇಲೆ ಬಾನೆಟ್ ಎತ್ತಿದಳು.

"ಭಾವಾರ, ನಿಮ್ಮ ಪಾಲು ನಿಮ್ಮ ಮನ್ಯಾಗ ಐತಿ. ಕಲ್ಮೇಶಂದು ಅವನ ಮನ್ಯಾಗ ಐತಿ. ನಂದೂ ಮನ್ಯಾಗ ಇಟ್ಟೇನ್ರಿ. ಇವು ಬ್ಯಾರೆ, ನನ್ನ ದುಡಿಕಿ ಒಳಗ ತಂದಾವು. ಈ ಗಾಡ್ಯಾಗ ನಿಮ್ಮದು ಏನೂ ಇಲ್ಲಾಂತ ನೀವ ಇಷ್ಟೂ ಮಂದಿ ಮುಂದ ಹೇಳೀರಿ. ನಾ ಹೇಳಿಲ್ಲ. ಅಲ್ಲಂದ್ರ, ನಿಮ್ಮದು ಯಾವುದೈತಿ ಬಟ್ಟು ಮಾಡಿ ತೋರಿಸ್ರಿ. ಈಗ ಮಿಸ್ತ್ರಿಯಾರ ಕಡಿಂದ ತಗಸಿ ಕೊಡತೇನಿ."

ಶಟ್ಟೆಪ್ಪ ಬಾನೆಟ್ಟಿನ ಒಳಗೆ ಬಗ್ಗಿ ನೋಡಿದ. ಇಂಜಿನ್ನು ಸಣ್ಣಗೆ ಗುರುಗುಡುತ್ತಿತ್ತು. ಬಾನೆಟ್ಟು, ಚಕ್ರ, ಸೀಟು ಯಾವುದನ್ನಾದರೂ ತೋರಿಸಬಹುದಿತ್ತು. ಆದರೆ ನಂದು ಏನೂ ಇಲ್ಲ ಎಂಬ ಮಾತು ಅವನದೇ, ಕೇಳಿದವರೂ ಹಿಂದೆ ನಿಂತ ಆ ಮಂದಿಯೇ. ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು. ಅವನ ಬೆರಳು ಎಡಗಡೆಯ ಪ್ಲಗ್ಗಿನ ಕಡೆ ಹೋಗಿ ಹಿಂದೆ ಬಂತು.

ಆಗ ನನಗೆ ತಿಳಿಯಿತು. ತಿಂಗಳ ಕೊನೆಗೆ ಆಕೆ ಬಿಚ್ಚಿಸಿದ್ದು ಹಟಕ್ಕಲ್ಲ. ಈ ಮನೆಗಳಲ್ಲಿ ಒಬ್ಬರು ಒಂದು ಕದ ಕಿತ್ತರೆ ಇನ್ನೊಬ್ಬರು ಇನ್ನೊಂದನ್ನು ಕೀಳದೆ ಬಿಡುವುದಿಲ್ಲ ಎಂಬುದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹತ್ತು ದಿನ ಬಸ್ಸಿನಲ್ಲಿ ರೊಟ್ಟಿ ಪುಡಿಮಾಡಿಕೊಂಡು ಕಾದಿದ್ದಳು.

ಶಟ್ಟೆಪ್ಪ ನೆಟ್ಟಗಾದ. ಮುಖ ಬಿಗಿದಿತ್ತು. "ನಮ್ಮ ಭೀಮಶಿ ಇದ್ದಿದ್ರ ಇಂಥಾ ಲೆಕ್ಕ ಹಾಕ್ತಿದ್ದಿಲ್ಲ" ಅಂದ.

"ಅವರ ಇದ್ದಿದ್ರ ಈ ಲೆಕ್ಕ ನನಗ ಬೇಕಾಗ್ತಿದ್ದಿಲ್ರಿ" ಅಂದಳು ಮಹಾನಂದಾ.

ಆಕೆ ಬಾನೆಟ್ ಇಳಿಸಿ, ಕಾರು ಹತ್ತಿ, ಸೆರಗಿನಿಂದ ಕಣ್ಣೊರೆಸಿಕೊಂಡು ಗೇರು ಹಾಕಿದಳು. ಶಟ್ಟೆಪ್ಪ ಇನ್ನೂ ಎದುರಿಗೇ ಇದ್ದ. ಯಾರೂ ಅವನಿಗೆ ಪಕ್ಕಕ್ಕೆ ಸರಿ ಎಂದು ಹೇಳಲಿಲ್ಲ. ನೆಲ ನೋಡುತ್ತ ತಾನಾಗಿಯೇ ರಸ್ತೆಯ ಬದಿಗೆ ಸರಿದ.